ಪರವಲಯದ ಸ್ಥಾನಪಲ್ಲಟ

ಬೀಜಗಣಿತವನ್ನು ಅಭ್ಯಸಿಸುವ ವಿದ್ಯಾರ್ಥಿಯು ಕೋಷ್ಟಕಗಳನ್ನು ರಚಿಸಿ, ಬಿಂದುಗಳನ್ನು ಗುರುತಿಸಿ, ವರ್ಗೋಕ್ತಿಗಳ ನಕ್ಷೆಗಳನ್ನು ಒಂದಾದ ಮೇಲೊಂದರಂತೆ ಗ್ರಾಫ್ ಕಾಗದದ ಮೇಲೆ ಬಿಡಿಸುತ್ತ ಹೋಗುವಾಗ, ಇವೆಲ್ಲವೂ ಒಂದೇ ವಕ್ರರೇಖೆಯ ನಾನಾ ಅವಸ್ಥೆಗಳೆಂಬ ಸಂಗತಿ ಅವನಿಗೆ ಹೊಳೆಯದೆ ಹೋಗುವುದು ಬಹುಸಾಮಾನ್ಯ.

ಆ ಮೂಲರೇಖೆಯೆಂದರೆ ವೈ = ಎಕ್ಸ್² ಎಂಬುದರ ಪರವಲಯ; ಸೊನ್ನೆಗೆ ಸೊನ್ನೆ, ಎರಡಕ್ಕೆ ನಾಲ್ಕು, ಮೂರಕ್ಕೆ ಒಂಬತ್ತು ಎಂದು ಬೆಲೆ ಕೊಡುತ್ತ, ಋಣಸಂಖ್ಯೆಗಳ ಪಕ್ಕದಲ್ಲಿಯೂ ಅದೇ ಏರಿಕೆಯನ್ನು ಪ್ರತಿಬಿಂಬಿಸುತ್ತ, ಮೂಲಬಿಂದುವಿನಲ್ಲಿ ಶೃಂಗವನ್ನೂರಿ ನಿಂತಿರುವ ರೇಖೆ ಅದು. ವರ್ಗಿಸಿ ಬಂದ ಫಲಕ್ಕೆ 2ನ್ನು ಕೂಡಿದರೆ ಅದು ಎರಡು ಮಾನ ಮೇಲೇರುತ್ತದೆ. ಫಲದ ಚಿಹ್ನೆಯನ್ನು ಬದಲಿಸಿದರೆ ತಲೆಕೆಳಗಾಗುತ್ತದೆ. ಇವುಗಳಲ್ಲಿ ತೊಡಕೇನೂ ಇಲ್ಲ. ತೊಡಕು ತೋರುವುದು ವರ್ಗಿಸುವುದಕ್ಕೆ ಮುನ್ನವೇ ಎಕ್ಸ್‌ನಿಂದ 3ನ್ನು ಕಳೆದಾಗ: ಕಳೆದುದರಿಂದ ರೇಖೆ ಎಡಕ್ಕೆ ಜರುಗೀತೆಂದು ಬುದ್ಧಿ ನಿರೀಕ್ಷಿಸುತ್ತದೆ, ಅದಾದರೋ ಬಲಕ್ಕೆ ಜರುಗುತ್ತದೆ. ಮೂರು ಗಂಟೆ ತಡವಾಗಿ ಓಡುತ್ತಿರುವ ರೈಲು ಒಂಬತ್ತು ಗಂಟೆಗೆ ಎಲ್ಲಿದ್ದೀತೆಂದು ತಿಳಿಯಬೇಕಾದವನು ವೇಳಾಪಟ್ಟಿಯಲ್ಲಿ ಆರು ಗಂಟೆಯ ಸಾಲನ್ನು ನೋಡಬೇಕಷ್ಟೆ. ನೋಡುವವನು ಗಡಿಯಾರದಿಂದ ಮೂರನ್ನು ಕಳೆಯುತ್ತಾನೆ, ರೈಲಿನ ಪ್ರತಿಯೊಂದು ಆಗಮನವೂ ಮೂರು ಗಂಟೆ ಮುಂದಕ್ಕೆ ಹೋಗಿರುತ್ತದೆ. ಹಾಗೆಯೇ ಹಿಂದೆ ಸೊನ್ನೆಯಲ್ಲಿ ದೊರಕುತ್ತಿದ್ದ ಬೆಲೆ ಈಗ ಮೂರರಲ್ಲಿ ದೊರಕುತ್ತದೆ. ವರ್ಗಿಸುವ ಮುನ್ನ ಎಕ್ಸ್‌ನ್ನು 2ರಿಂದ ಗುಣಿಸಿದರೆ ನಕ್ಷೆ ಅಡ್ಡಗಲದಲ್ಲಿ ಹಿಗ್ಗದೆ ಅರ್ಧಕ್ಕೆ ಕುಗ್ಗುವುದಕ್ಕೂ ಕಾರಣ ಇದೇ. ಇಷ್ಟನ್ನು ವಿವರಿಸದೆ, ಚಿಹ್ನೆಯನ್ನು ತಿರುಗಿಸಿಕೊಳ್ಳಿ ಎಂಬ ಸೂತ್ರವನ್ನು ಮಾತ್ರ ಬಾಯಿಪಾಠ ಮಾಡಿಸುವ ಪದ್ಧತಿ ನನಗೆಂದೂ ರುಚಿಸಿದ್ದಿಲ್ಲ.

ಇನ್ನು ಎಕ್ಸ್² − 6ಎಕ್ಸ್ + 11 ಎಂಬ ಉಕ್ತಿಯನ್ನು ತೆಗೆದುಕೊಳ್ಳೋಣ. 11ನ್ನು 9 ಮತ್ತು 2 ಎಂದು ಒಡೆದೊಡನೆ ಅದು (ಎಕ್ಸ್ − 3)² + 2 ಎಂದಾಗಿ, ಮೂಲಪರವಲಯವೇ ಬಲಕ್ಕೆ ಮೂರು, ಮೇಲಕ್ಕೆ ಎರಡು ಮಾನ ಸರಿದು ನಿಂತಿದೆಯೆಂಬುದೂ, ಅದರ ಅತ್ಯಂತ ಕೆಳಗಿನ ಬಿಂದುವೇ ಎಕ್ಸ್-ಅಕ್ಷಕ್ಕಿಂತ ಮೇಲಿರುವುದರಿಂದ ಆ ಉಕ್ತಿಯನ್ನು ಸೊನ್ನೆಗೆ ಸಮ ಮಾಡಿದರೆ ವಾಸ್ತವ ಮೂಲಗಳು ಸಿಗಲಾರವೆಂಬುದೂ ಒಂದೇ ನೋಟಕ್ಕೆ ವೇದ್ಯವಾಗುತ್ತವೆ. ವರ್ಗಸಮೀಕರಣದ ನಡುವಿನ ಪದವನ್ನು ಹೀಗೆ ಕಳೆಯುವ ಮಧ್ಯಮಾಹರಣವನ್ನು ನಮ್ಮ ಪ್ರಾಚೀನ ಗಣಿತಜ್ಞರು ಚೆನ್ನಾಗಿ ಬಲ್ಲವರಾಗಿದ್ದರು. ಹನ್ನೆರಡನೆಯ ಶತಮಾನದ ಭಾಸ್ಕರಾಚಾರ್ಯನು ತನ್ನ ಬೀಜಗಣಿತದಲ್ಲಿ ಇದಕ್ಕಾಗಿ ಶ್ರೀಧರನ ಸೂತ್ರವನ್ನು ಉದ್ಧರಿಸಿ, ಈಗ ಲುಪ್ತವಾಗಿರುವ ಆತನ ಬೀಜಗಣಿತದ ಒಂದು ತುಣುಕನ್ನಾದರೂ ನಮಗೆ ಉಳಿಸಿಕೊಟ್ಟಿದ್ದಾನೆ. ಅವರ ಕಣ್ಣ ಮುಂದೆ ನಕ್ಷೆಯಿರಲಿಲ್ಲ. ಸಮೀಕರಣವನ್ನೂ ವಕ್ರರೇಖೆಯನ್ನೂ ಬೆಸೆದ ದೆಕಾರ್ತನ ಜ್ಯಾಮಿತಿಗ್ರಂಥ ಹೊರಬಂದುದು 1637ರಲ್ಲಿ. ಆದರೂ ಅವರು ಸಂಖ್ಯೆಗಳಲ್ಲಿ ನಡೆಸಿದ ವ್ಯವಹಾರವು ಇಂದಿನ ದೃಷ್ಟಿಗೆ, ಪರವಲಯವನ್ನು ಅಡ್ಡಲಾಗಿ ಸರಿಸಿ ಅದರ ಶೃಂಗವನ್ನು ಲಂಬಾಕ್ಷದ ಮೇಲೆ ತಂದಿರಿಸುವ ಕ್ರಿಯೆಯೇ ಆಗಿದೆ.

ಕಡಿದಾಗಿ, ಕಿರಿದಾಗಿ ಕಾಣುವ ವೈ = 4ಎಕ್ಸ್² ಕೂಡ ಆಕಾರದಲ್ಲಿ ಬೇರೆಯದಲ್ಲ; ಎರಡು ದಿಕ್ಕುಗಳಲ್ಲಿಯೂ ಸಮನಾಗಿ ನಾಲ್ಕು ಪಟ್ಟು ಹಿಗ್ಗಿಸಿದರೆ ಅದು ಮೂಲಪರವಲಯದ ಮೇಲೆ ಕೂದಲೆಳೆಯ ಅಂತರವೂ ಇಲ್ಲದೆ ಕೂಡುತ್ತದೆ. ಘನಸಮೀಕರಣಕ್ಕೆ ಬಂದರೆ ಈ ಸೌಲಭ್ಯ ತಪ್ಪುತ್ತದೆ: 1545ರಲ್ಲಿ ಅಚ್ಚಾದ ಕಾರ್ಡಾನೋವಿನ ಗ್ರಂಥದಲ್ಲಿ ವರ್ಗಪದವನ್ನು ಇಂಥದೇ ಸ್ಥಾನಪಲ್ಲಟದಿಂದ ಕಳೆದಿರುವುದು ಉಂಟಾದರೂ, ಕೆಲವು ಘನವಕ್ರಗಳಿಗೆ ಒಂದು ಉಬ್ಬೂ ಒಂದು ತಗ್ಗೂ ಇರುತ್ತವೆ, ಕೆಲವಕ್ಕೆ ಎರಡೂ ಇರುವುದಿಲ್ಲ, ಎಷ್ಟು ಸರಿಸಿದರೂ, ಎಷ್ಟು ಹಿಗ್ಗಿಸಿದರೂ ಒಂದು ಮತ್ತೊಂದಾಗದು.