ಮೊಬೈಲ್ ದೂರದರ್ಶನದ ಸಂಕೇತಗ್ರಹಣ

ಮೊಬೈಲ್ ದೂರದರ್ಶನದ ಸಂಕೇತಗ್ರಹಣ ಎಂದರೆ ಭೂಮಿಯ ಮೇಲಿನ ಪ್ರಸಾರ ಗೋಪುರದಿಂದ ಹೊರಡುವ ದೂರದರ್ಶನದ ಅಲೆಗಳನ್ನು ಅಂತರಜಾಲದ ನೆರವಿಲ್ಲದೆ ಮೊಬೈಲ್ ಫೋನಿನಲ್ಲಿ ನೇರವಾಗಿ ಪಡೆಯುವುದು. ನೋಡುಗರ ಸಂಖ್ಯೆ ಎಷ್ಟೇ ಹೆಚ್ಚಿದರೂ ಈ ವ್ಯವಸ್ಥೆಯಲ್ಲಿ ದಟ್ಟಣೆ ಉಂಟಾಗುವುದಿಲ್ಲ. ಆದ್ದರಿಂದಲೇ ಭೂಕಂಪ, ಪ್ರವಾಹಗಳ ಕಾಲದಲ್ಲಿ, ಮೊಬೈಲ್ ಜಾಲ ಕುಸಿದಾಗ, ಇದಕ್ಕೆ ವಿಶೇಷ ಮಹತ್ವವಿದೆ. ಆದರೆ ಮನೆಯ ದೂರದರ್ಶನಕ್ಕೆ ಸುಲಭವಾಗಿ ದೊರೆಯುವ ಸಂಕೇತ ಫೋನಿಗೆ ಅಷ್ಟು ಸುಲಭವಾಗಿ ದಕ್ಕದು.

ತೊಂದರೆಯ ಕಾರಣಗಳು

ಸಾಂಪ್ರದಾಯಿಕ ಪ್ರಸಾರ ಜಾಲಗಳನ್ನು ಸುಮಾರು 10 ಮೀಟರ್ ಎತ್ತರದಲ್ಲಿ, ಗೋಪುರದ ಕಡೆಗೆ ಮುಖಮಾಡಿ ನಿಲ್ಲಿಸಿದ ಛಾವಣಿಯ ಆಂಟೆನಾವನ್ನು ಗಮನದಲ್ಲಿಟ್ಟುಕೊಂಡು ಯೋಜಿಸಲಾಗಿದೆ. ಫೋನಾದರೋ ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ, ಹಲವು ವೇಳೆ ಗೋಡೆಗಳ ಒಳಗೆ ಇರುತ್ತದೆ. ಕಾಂಕ್ರೀಟು, ಲೋಹದ ಲೇಪವಿರುವ ಗಾಜು, ಹಿಡಿದ ಕೈ, ಇವೆಲ್ಲವೂ ಸಂಕೇತದಲ್ಲಿ ತಮ್ಮ ಪಾಲನ್ನು ಕಳೆಯುತ್ತವೆ.

ಎಲ್ಲಕ್ಕಿಂತ ಕಠಿಣವಾದುದು ಆಂಟೆನಾದ ಪ್ರಶ್ನೆ. 600 ಮೆಗಾಹರ್ಟ್ಸ್ ಆವೃತ್ತಿಯ ಅಲೆಯ ಉದ್ದ (ತರಂಗದೂರ) 50 ಸೆಂಟಿಮೀಟರ್. ಅದರ ಕಾಲುಭಾಗವಾದರೂ, ಅಂದರೆ 12.5 ಸೆಂಟಿಮೀಟರ್ ಉದ್ದದ ಕಡ್ಡಿಯಿದ್ದರೆ ಸಂಕೇತ ಚೆನ್ನಾಗಿ ದೊರೆಯುತ್ತದೆ. ಫೋನಿನೊಳಗೆ ಅಷ್ಟು ಜಾಗ ಎಲ್ಲಿಯದು? ಆದಕಾರಣ ಕೆಲವು ತಯಾರಕರು ಎಳೆದು ನೀಳ ಮಾಡುವ ಕಡ್ಡಿಯನ್ನು ಅಳವಡಿಸಿದರು. ಕೆಲವರು ಇಯರ್‌ಫೋನಿನ ತಂತಿಯನ್ನೇ ಆಂಟೆನಾ ಆಗಿಸಿದರು.

ಕಟ್ಟಡಗಳಿಗೆ ಬಡಿದು ಹಲವು ದಾರಿಗಳಲ್ಲಿ ಬರುವ ಅಲೆಗಳು ಒಂದೆಡೆ ಕೂಡಿ ಬಲಗೊಂಡರೆ, ಗೇಣು ದೂರದೊಳಗೆ ಮತ್ತೊಂದೆಡೆ ಪರಸ್ಪರ ಅಳಿಸಿಹೋಗಬಹುದು. ಚಲಿಸುವ ವಾಹನದಲ್ಲಿ ಈ ಏರಿಳಿತ ಕ್ಷಣಕ್ಷಣವೂ ನಡೆಯುತ್ತದೆ. ಜೊತೆಗೆ ಡಾಪ್ಲರ್ ಪರಿಣಾಮವೂ ಇದೆ: ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಇದೇ ಆವೃತ್ತಿ ಹೆಚ್ಚೆಂದರೆ ಸುಮಾರು 55 ಹರ್ಟ್ಸ್‌ನಷ್ಟು ಪಲ್ಲಟಗೊಳ್ಳುತ್ತದೆ.

ಹಳೆಯ ಅನಲಾಗ್ ಪ್ರಸಾರದಲ್ಲಿ ಸಂಕೇತ ಕುಂದಿದರೆ ತೆರೆಯ ಮೇಲೆ ಚುಕ್ಕೆಗಳು ಕಾಣಿಸಿಕೊಳ್ಳುತ್ತಿದ್ದವು, ಆದರೂ ಚಿತ್ರ ಉಳಿಯುತ್ತಿತ್ತು. ಒಬ್ಬರು ಮಾಳಿಗೆ ಹತ್ತಿ ಆಂಟೆನಾ ತಿರುಗಿಸುವುದು, ಇನ್ನೊಬ್ಬರು ಒಳಗಿನಿಂದ "ಬಂತು, ಬಂತು" ಎಂದು ಕೂಗುವುದು ಆ ಕಾಲದ ತಲೆಮಾರಿಗೆ ನೆನಪಿರಬಹುದು. ಡಿಜಿಟಲ್ ಪ್ರಸಾರದಲ್ಲಿ ಅಂಥ ನಿಧಾನದ ಇಳಿಕೆಯಿಲ್ಲ. ಒಂದು ಮಿತಿಯವರೆಗೆ ಚಿತ್ರ ನಿಚ್ಚಳ. ಅದರ ಕೆಳಗೆ ಚಿತ್ರವೇ ಇಲ್ಲ.

ಜಪಾನಿನ ಪರಿಹಾರ

ಜಪಾನಿನಲ್ಲಿ 2006ರ ಏಪ್ರಿಲ್ 1ರಂದು ಆರಂಭವಾದ 'ಒನ್‌ಸೆಗ್' ಸೇವೆ ಈ ಸಮಸ್ಯೆಗೆ ಜಾಣತನದ ಉತ್ತರ ನೀಡಿತು. ಅಲ್ಲಿ 6 ಮೆಗಾಹರ್ಟ್ಸ್ ಅಗಲದ ಪ್ರತಿಯೊಂದು ವಾಹಿನಿಯನ್ನು 13 ಭಾಗಗಳಾಗಿ ವಿಂಗಡಿಸಿ, ನಡುವಿನ ಒಂದನ್ನು ಫೋನುಗಳಿಗೆ ಮೀಸಲಿಟ್ಟರು. ಆ ಭಾಗದಲ್ಲಿ ಮಾಹಿತಿಯನ್ನು ಮಿತವಾಗಿ ತುಂಬಿ, ದೋಷ ತಿದ್ದುವ ಸಂಕೇತಗಳನ್ನು ಹೆಚ್ಚಾಗಿ ಸೇರಿಸಲಾಗುತ್ತದೆ. ಚಿತ್ರದ ಗಾತ್ರ 320×240 ಅಥವಾ 320×180 ಬಿಂದುಗಳಷ್ಟೇ. ಸ್ಪಷ್ಟತೆಯನ್ನು ತೆತ್ತು ಸ್ಥಿರತೆಯನ್ನು ಕೊಂಡಂತೆ.

ಭಾರತದಲ್ಲಿ

ದೂರದರ್ಶನ ಸಂಸ್ಥೆಯು 2016ರಲ್ಲಿ ಬೆಂಗಳೂರು ಸೇರಿದಂತೆ 16 ನಗರಗಳಲ್ಲಿ ಡಿವಿಬಿ-ಟಿ2 ತಂತ್ರಜ್ಞಾನದ ಪ್ರಸಾರವನ್ನು ಆರಂಭಿಸಿತು. ಸಾಮಾನ್ಯ ಫೋನಿನಲ್ಲಿ ಇದನ್ನು ನೋಡಲು ಡಾಂಗಲ್ ಎಂಬ ಪ್ರತ್ಯೇಕ ಗ್ರಾಹಕ ಸಾಧನ ಬೇಕಾಗಿತ್ತು. ತರುವಾಯ ಐಐಟಿ ಕಾನ್ಪುರ ಮತ್ತು ಬೆಂಗಳೂರಿನ ಸಾಂಖ್ಯ ಲ್ಯಾಬ್ಸ್ ಪಾಲ್ಗೊಂಡ 'ಡೈರೆಕ್ಟ್ ಟು ಮೊಬೈಲ್' ಪ್ರಯೋಗಗಳು ನಡೆದಿವೆ. ಇದಕ್ಕೂ ಫೋನಿನೊಳಗೆ ಬೇರೆಯೇ ಚಿಪ್ ಅಗತ್ಯ.