ಕಾಲಾಳು ಕೊಟ್ಟು ಕಾಲ ಕೊಳ್ಳುವ ಆಟ

ಹಾನಗಲ್ಲಿನ ನಮ್ಮ ಮನೆಯ ಕಟ್ಟೆಯ ಮೇಲೆ ಸೋದರಮಾವನವರು ಚದುರಂಗದ ಹಾಸು ಬಿಚ್ಚಿದರೆಂದರೆ ದೀಪ ಹಚ್ಚುವವರೆಗೂ ಏಳುತ್ತಿರಲಿಲ್ಲ. ಸವಣೂರು, ಶಿಗ್ಗಾಂವಿ, ಹಿರೇಕೆರೂರುಗಳಿಂದ ಬಂದ ಬೀಗರೂ ಜೊತೆಗೆ ಕೂಡುತ್ತಿದ್ದರು. ಅವರೆಲ್ಲರದೂ ಹಳೆಯ ದೇಶೀ ಆಟ: ಪ್ಯಾದೆ, ಎಂದರೆ ಕಾಲಾಳು, ಮೊದಲ ನಡೆಯಲ್ಲಿಯೂ ಒಂದೇ ಮನೆ ಸರಿಯಬೇಕು. ಕಾಲೇಜಿನಲ್ಲಿ ಅಂತರರಾಷ್ಟ್ರೀಯ ನಿಯಮಗಳನ್ನು ಕಲಿತು ಬಂದ ನಾನು, ಒಂದು ರಜೆಯಲ್ಲಿ, ಹೊಸ ಕ್ರಮದಲ್ಲಿ ಆಡಲು ಮಾವನವರನ್ನು ಒಪ್ಪಿಸಿದೆ. ನಾಲ್ಕನೆಯ ನಡೆಗೇ ಬೇಕೆಂದು ಒಂದು ಪ್ಯಾದೆಯನ್ನು ಬಿಟ್ಟುಕೊಟ್ಟೆ. “ಇದ್ದ ಬುದ್ಧೀನೂ ಕಳಕೊಂಡು ಬಂದ್ಯೇನೋ ತಮ್ಮಾ?” ಎಂದರು.

ಆ ಹೂಟಕ್ಕೆ ಇವಾನ್ಸ್ ಗ್ಯಾಂಬಿಟ್ ಎಂದು ಹೆಸರು. ವೇಲ್ಸಿನ ಹಡಗಿನ ಕಪ್ತಾನ ವಿಲಿಯಂ ಡೇವೀಸ್ ಇವಾನ್ಸ್ 1820ರ ದಶಕದಲ್ಲಿ ಅದನ್ನು ಬಳಕೆಗೆ ತಂದನು. ಗ್ಯಾಂಬಿಟ್ ಎಂಬುದರ ಮೂಲ ಇಟಾಲಿಯನ್ ಭಾಷೆಯ ‘ಗಾಂಬೆಟ್ಟೊ’. ಕಾಲು ತೊಡರಿಸಿ ಕೆಡಹುವುದೆಂದು ಅದರ ಅರ್ಥ. ಗರಡಿಮನೆ ಕಂಡ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಿಮ್ಮ ಮುಂದೆ ಮಣೆಯಿಲ್ಲ. ಮನಸ್ಸಿನಲ್ಲಿಯೇ ಕಾಯಿಗಳನ್ನು ಹೂಡಿಕೊಳ್ಳಬೇಕು. ರಾಜರ ಮುಂದಿನ ಕಾಲಾಳುಗಳು ಎರಡೆರಡು ಮನೆ ಬಂದು ಎದುರುಬದುರು ನಿಂತಿವೆ. ಎರಡೂ ಕಡೆಯಿಂದ ಒಂದು ಕುದುರೆ, ಒಂದು ಒಂಟೆ ಹೊರಬಿದ್ದಿವೆ. ಆಗ ಬಿಳಿಯ ಪಕ್ಷದವನು ಮಂತ್ರಿಯ ಬದಿಯ ಕುದುರೆಯ ಮುಂದಿನ ಕಾಲಾಳನ್ನು ಎರಡು ಮನೆ ನೂಕಿ ಕರಿಯ ಒಂಟೆಯ ಬಾಯಿಗೆ ಒಡ್ಡುತ್ತಾನೆ. ಒಂಟೆ ತಿಂದೊಡನೆ ಮಂತ್ರಿಯ ಬದಿಯ ಒಂಟೆಯ ಮುಂದಿನ ಕಾಲಾಳು ಒಂದು ಮನೆ ಸರಿದು ಅದನ್ನು ಗದರಿಸುತ್ತದೆ. ಅದು ಓಡುವ ಹೊತ್ತಿನಲ್ಲಿ ಬಿಳಿಯ ಮಂತ್ರಿಯ ಮುಂದಿನ ಕಾಲಾಳು ಎರಡು ಮನೆ ಬಂದು ಮಣೆಯ ನಡುವನ್ನು ಹಿಡಿಯುತ್ತದೆ. ಹೋದದ್ದು ಒಂದು ಕಾಲಾಳು, ಬಂದದ್ದು ಒಂದು ನಡೆಯ ಕಾಲ. ಇನ್ನು ಬಿಳಿಯ ಎರಡನೆಯ ಒಂಟೆ ಅಂಚಿನಲ್ಲಿ ನಿಂತು, ಕರಿಯ ರಾಜ ಕೋಟೆ ಸೇರುವ ದಾರಿಯನ್ನೇ ಅಡ್ಡಗಟ್ಟಬಹುದು. ಮಂತ್ರಿ ಮೊದಲ ಒಂಟೆಯ ಬೆನ್ನಿಗೆ ಬಂದರೆ ಇಬ್ಬರ ಕಣ್ಣೂ ಕರಿಯ ರಾಜನ ಬದಿಯ ಒಂಟೆಯ ಮುಂದಿನ ಕಾಲಾಳಿನ ಮೇಲೆ. ಅದನ್ನು ಕಾಯುವವನು ರಾಜನೊಬ್ಬನೇ.

ದೇಶೀ ಆಟದಲ್ಲಿ ಈ ಹೂಟ ಹುಟ್ಟುವಂತೆಯೇ ಇರಲಿಲ್ಲ. ಎರಡು ಮನೆ ದಾಟಲು ಎರಡು ನಡೆ ಬೇಕು. ಅಷ್ಟರಲ್ಲಿ ಎದುರಾಳಿ ಎಚ್ಚತ್ತಿರುತ್ತಾನೆ. ಮಾವನವರ ಮಾತು ಅವರ ಆಟದ ಮಟ್ಟಿಗೆ ಸರಿಯೇ.

1852ರಲ್ಲಿ ಬರ್ಲಿನ್ನಿನಲ್ಲಿ ಆಂಡರ್ಸನ್ ಈ ಹೂಟವನ್ನು ಹೂಡಿ, ಕೊನೆಗೆ ಮಂತ್ರಿಯನ್ನೇ ಬಲಿಗೊಟ್ಟು, ಎರಡು ಒಂಟೆ, ಒಂದು ಕಾಲಾಳಿನಿಂದ ಡುಫ್ರೇನನ ರಾಜನನ್ನು ಕಟ್ಟಿಹಾಕಿದನು. ಮುಂದೆ ಲಾಸ್ಕರ್ ತಿಂದ ಕಾಲಾಳನ್ನು ಸಕಾಲದಲ್ಲಿ ಹಿಂದಿರುಗಿಸುವ ರಕ್ಷಣೆಯನ್ನು ತೋರಿದ ಮೇಲೆ ಹೂಟದ ಹೊಳಪು ಮಾಸಿತು. ಆದರೂ 1995ರಲ್ಲಿ ರೀಗಾದಲ್ಲಿ ಕಾಸ್ಪರೋವ್ ಅದನ್ನೇ ನಮ್ಮ ವಿಶ್ವನಾಥನ್ ಆನಂದರ ಮೇಲೆ ಪ್ರಯೋಗಿಸಿ 25 ನಡೆಗಳಲ್ಲಿ ಗೆದ್ದರು. ಆನಂದರ ರಾಜ ಕೋಟೆ ಸೇರಲೇ ಇಲ್ಲ.

ನನ್ನ ಆಟವೇನಾಯಿತೆನ್ನುವಿರಾ? ಮಾವನವರು ತಿಂದ ಪ್ಯಾದೆಯನ್ನು ಎರಡು ಮೂರು ನಡೆಗಳಲ್ಲಿಯೇ ನನಗೆ ಮರಳಿಸಿ, ಮಂತ್ರಿಗೆ ಮಂತ್ರಿಯನ್ನು ಹೊಡೆಸಿ, ದೀಪ ಹಚ್ಚುವ ಹೊತ್ತಿಗೆ ನನ್ನನ್ನು ಸೋಲಿಸಿದರು. ಲಾಸ್ಕರನ ಹೆಸರನ್ನು ಅವರು ಕೇಳಿರಲಿಲ್ಲ.