ನಲ್ಲಿಯ ನೀರಿಗೂ ಲೆಕ್ಕವಿರಲಿ

ನೇತ್ರಾವತಿಯ ತುಂಬೆ ಅಣೆಕಟ್ಟು ಮಂಗಳೂರಿನ ಜೀವಸೆಲೆ. 2019 ಮತ್ತು 2023ರ ಬೇಸಿಗೆಗಳಲ್ಲಿ ಇಲ್ಲಿ ನೀರಿಗೆ ರೇಷನಿಂಗ್ ಬಂದಿತ್ತು. ನಿಮ್ಮ ಮನೆಗೆ ಬೇಕಾದ ನೀರೆಷ್ಟು ಬಲ್ಲಿರಾ?

ನಗರವಾಸಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ರೂಢಿಯ ಲೆಕ್ಕ. ಐವರಿಗೆ 675 ಲೀಟರ್. ನಲ್ಲಿಯ ಕೆಳಗೆ 15 ಲೀಟರಿನ ಬಕೆಟ್ ಇಟ್ಟು ಗಡಿಯಾರ ನೋಡಿ. ಒಂದು ನಿಮಿಷದಲ್ಲಿ ತುಂಬಿದರೆ 45 ನಿಮಿಷಕ್ಕೆ ದಿನದ ನೀರು ಸಿಕ್ಕಿತು. ಮೂರು ನಿಮಿಷ ಹಿಡಿದರೆ ಎರಡೂಕಾಲು ಗಂಟೆ ಬೇಕು. ದಿನ ಬಿಟ್ಟು ದಿನ ನೀರು ಬಂದರೆ ಸಂಗ್ರಹ ಇಮ್ಮಡಿಯಾಗಬೇಕು.

ಆದರೆ ಎಚ್ಚರ! ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆ ಮುಚ್ಚಳವಿಲ್ಲದ ಟ್ಯಾಂಕಿನ ಶುದ್ಧ ನೀರಿನಲ್ಲೂ ಮೊಟ್ಟೆಯಿಡುತ್ತದೆ. ಟ್ಯಾಂಕನ್ನು ಭದ್ರವಾಗಿ ಮುಚ್ಚಿ. ಡ್ರಮ್ಮುಗಳನ್ನು ವಾರಕ್ಕೊಮ್ಮೆ ಬರಿದು ಮಾಡಿ, ಉಜ್ಜಿ ತೊಳೆದು ಒಣಗಿಸಿ.